ಗಸಿಯಲ್ಲಿ ಉಳಿದದ್ದು

ರೇಡಿಯಂ ಎಂಬ ಧಾತು ಇದೆ ಎಂದು ಮೇರಿ ಮತ್ತು ಪಿಯರ್ ಕ್ಯೂರಿ 1898ರಲ್ಲಿ ಸಾರಿದರು. ಸಾರಿದ್ದಾಯಿತು, ಕಣ್ಣಿಗೆ ಕಾಣುವಷ್ಟಾದರೂ ತೆಗೆದು ತೋರಿಸಬೇಕಲ್ಲ? ಅದಕ್ಕೆ ಟನ್ನುಗಟ್ಟಲೆ ಪಿಚ್‌ಬ್ಲೆಂಡ್ ಅದಿರು ಬೇಕು, ಅಷ್ಟು ಅದಿರು ಕೊಳ್ಳುವ ಹಣ ಅವರ ಬಳಿ ಇರಲಿಲ್ಲ. ಬೊಹೀಮಿಯಾದ ಯೋಆಖಿಮ್ಸ್‌ತಾಲ್ ಎಂಬಲ್ಲಿ ಆ ಅದಿರಿನಿಂದ ಯುರೇನಿಯಂ ತೆಗೆದು ಗಾಜಿಗೆ ಬಣ್ಣ ಕೊಡಲು ಮಾರುತ್ತಿದ್ದರು. ಯುರೇನಿಯಂ ಬಸಿದುಕೊಂಡ ಮೇಲೆ ಉಳಿದ ಕಂದು ಪುಡಿಯನ್ನು ಯಾರೂ ಕೇಳುವವರಿರಲಿಲ್ಲ, ಪಕ್ಕದ ಪೈನ್ ಕಾಡಿನಲ್ಲಿ ಸುರಿದುಬಿಟ್ಟಿದ್ದರು. ಆಸ್ಟ್ರಿಯಾ ಸರ್ಕಾರದ ಒಪ್ಪಿಗೆ ಪಡೆದು ಕ್ಯೂರಿ ದಂಪತಿ ತರಿಸಿಕೊಂಡದ್ದು ಈ ಕಸವನ್ನೇ. ಮೂಟೆ ಬಿಚ್ಚಿದಾಗ ಪುಡಿಯೊಳಗೆ ಪೈನ್ ಎಲೆಗಳು ಬೆರೆತಿದ್ದವು. ಹಲವು ಟನ್ ಪುಡಿಯನ್ನು ಕುದಿಸಿ, ಸೋಸಿ, ಹರಳುಗಟ್ಟಿಸಿ 1902ರ ಹೊತ್ತಿಗೆ ಮೇರಿ ಕ್ಯೂರಿ ಪಡೆದದ್ದು ಗ್ರಾಮಿನ ಹತ್ತನೇ ಒಂದು ಪಾಲು ರೇಡಿಯಂ ಕ್ಲೋರೈಡ್. ಈ ಕಥೆಯನ್ನು ಸಾಮಾನ್ಯವಾಗಿ ತಪಸ್ಸಿನ ಕಥೆಯಾಗಿ ಹೇಳುತ್ತಾರೆ. ಅದು ತಪಸ್ಸೇ ಹೌದು. ಆದರೆ ಈ ಅಧ್ಯಾಯಕ್ಕೆ ಬೇಕಾದದ್ದು ಆ ಮೂಟೆ. ಕಾರ್ಖಾನೆ ತನಗೆ ಬೇಕಾದ ಯುರೇನಿಯಂ ತೆಗೆದುಕೊಂಡಿತ್ತು. ಬೇಡವಾದ ರೇಡಿಯಂ ಕಸದ ಪಾಲಿಗೆ ಬಂದಿತ್ತು. ರೇಡಿಯಂ ಲೋಕಕ್ಕೆ ಪರಿಚಯವಾದದ್ದೇ ಕೈಗಾರಿಕಾ ತ್ಯಾಜ್ಯದ ಮೂಲಕ.

ನಮ್ಮ ಕಾಲ ಕೆಳಗಿನ ನೆಲದಲ್ಲೂ ಇದೇ ಸಾಮಗ್ರಿ ಇದೆ, ತೀರ ತೆಳ್ಳಗೆ ಹರಡಿಕೊಂಡಿದೆ ಅಷ್ಟೆ. ಭೂಮಿಯ ಹೊರಪದರದ ಒಂದು ಟನ್ ಕಲ್ಲುಮಣ್ಣಿನಲ್ಲಿ ಸರಾಸರಿ 3 ಗ್ರಾಂ ಯುರೇನಿಯಂ, 10 ಗ್ರಾಂ ಥೋರಿಯಂ ಇರುತ್ತದೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಆ ಲೆಕ್ಕದಲ್ಲಿ ಸಾಮಾನ್ಯ ಮಣ್ಣಿನ ಯುರೇನಿಯಂ-238 ಕಿಲೋಗೆ ಮೂವತ್ತು ಚಿಲ್ಲರೆ ಬೆಕೆರೆಲ್. ಯುರೇನಿಯಂ ಒಂಟಿಯಾಗಿರುವುದಿಲ್ಲ, ಅದರದು ದೊಡ್ಡ ವಂಶ. ಅರ್ಧದಷ್ಟು ಪರಮಾಣುಗಳು ಒಡೆಯಲು ಹಿಡಿಯುವ ಕಾಲವೇ ಅರ್ಧಾಯುಷ್ಯ. 447 ಕೋಟಿ ವರ್ಷಗಳ ಅರ್ಧಾಯುಷ್ಯದ ಅಜ್ಜನಿಂದ ಹೊರಟು 14 ಬಾರಿ ರೂಪ ಬದಲಿಸಿ, ಕೊನೆಗೆ ಒಡೆಯದ ಸೀಸವಾಗಿ ನಿಲ್ಲುತ್ತದೆ. ನಡುವೆ ಬರುವ ರೇಡಿಯಂ-226ಕ್ಕೆ 1600 ವರ್ಷ, ಅದರಿಂದ ಹುಟ್ಟುವ ರೇಡಾನ್ ಅನಿಲಕ್ಕೆ 3.8 ದಿನ, ಮುಂದಿನ ಸೀಸ-210ಕ್ಕೆ 22 ವರ್ಷ, ಪೊಲೋನಿಯಂ-210ಕ್ಕೆ 138 ದಿನ. ಯಾರೂ ಕೈಯಿಡದ ಹಳೆಯ ಬಂಡೆಯೊಳಗೆ ಈ ವಂಶದವರೆಲ್ಲ ಸಮತೋಲದಲ್ಲಿರುತ್ತಾರೆ. ಪ್ರತಿಯೊಬ್ಬರ ಬೆಕೆರೆಲ್ ಎಣಿಕೆಯೂ ಒಂದೇ, ಯುರೇನಿಯಂ ಎಷ್ಟಿದೆಯೆಂದು ಅಳೆದರೆ ಉಳಿದವರ ಲೆಕ್ಕವೂ ಸಿಕ್ಕಿದಂತೆ. ಈ ಸಮತೋಲವನ್ನು ಕೆಡಿಸುವುದು ರಸಾಯನ ಕ್ರಿಯೆ. ವಂಶ ಒಂದಾದರೂ ಸದಸ್ಯರ ರಾಸಾಯನಿಕ ಸ್ವಭಾವ ಒಂದಲ್ಲ. ರೇಡಿಯಂ ಬೇರಿಯಂ ಮತ್ತು ಕ್ಯಾಲ್ಸಿಯಂ ಹೋದತ್ತ ಹೋಗುತ್ತದೆ, ರೇಡಾನ್ ಗಾಳಿಗೆ ಸೇರುತ್ತದೆ, ಪೊಲೋನಿಯಂ ಕುಲುಮೆಯ ಬಿಸಿಗೆ ಆವಿಯಾಗುತ್ತದೆ. ಅದಿರನ್ನು ಆಮ್ಲಕ್ಕೆ ಹಾಕುವ, ಸುಡುವ, ಸೋಸುವ ಪ್ರತಿಯೊಂದು ಕಾರ್ಖಾನೆಯೂ ತನಗೆ ಗೊತ್ತಿಲ್ಲದೆಯೇ ಈ ವಂಶವನ್ನು ಪಾಲು ಮಾಡಿ, ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕಳಿಸುತ್ತಿರುತ್ತದೆ. ಹಾಗಾಗಿ ಕಾರ್ಖಾನೆಗೆ ಒಟ್ಟು ಎಷ್ಟು ವಿಕಿರಣ ವಸ್ತು ಬಂತು, ಹೊರಗೆ ಎಷ್ಟು ದೊಡ್ಡ ಗುಡ್ಡ ಬಿತ್ತು ಎಂಬ ಲೆಕ್ಕದಿಂದ ಅಪಾಯ ತಿಳಿಯುವುದಿಲ್ಲ. ಯಾವ ಸದಸ್ಯ, ಯಾವ ಕೊಳವೆಯಲ್ಲಿ, ಎಷ್ಟು ಒತ್ತಾಗಿ ಕೂತಿದ್ದಾನೆ, ಅಲ್ಲಿಗೆ ಕೈ ಹಾಕುವವರು ಯಾರು ಎಂದು ಕೇಳಬೇಕು. ನಮ್ಮ ಸಾರ್ವಜನಿಕ ಚರ್ಚೆ ಗುಡ್ಡಗಳ ಸುತ್ತಲೇ ಸುತ್ತುತ್ತಿದೆ, ಗಸಿ ಕಟ್ಟಿದ ಸಣ್ಣ ಜಾಗಗಳು ಕಣ್ತಪ್ಪಿ ಹೋಗಿವೆ ಎಂಬುದು ನನ್ನ ವಾದ.

ಗುಡ್ಡಗಳಲ್ಲೆಲ್ಲ ಪ್ರಸಿದ್ಧವಾದದ್ದು ಹಾರುಬೂದಿಯ ಗುಡ್ಡ. ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಟನ್ನಿಗೆ 1ರಿಂದ 4 ಗ್ರಾಂ ಯುರೇನಿಯಂ ಇರುತ್ತದೆ, ಅಂದರೆ ಮಣ್ಣಿನಲ್ಲಿ ಇರುವಷ್ಟೇ. ಉರಿದಾಗ ಇಂಗಾಲ ಹೊಗೆಯಾಗಿ ಹೋಗುತ್ತದೆ, ಯುರೇನಿಯಂ ಬಹುಮಟ್ಟಿಗೆ ಬೂದಿಯಲ್ಲಿ ನಿಲ್ಲುತ್ತದೆ. ಇಲ್ಲೊಂದು ಸೋಜಿಗವಿದೆ. ಟನ್ನಿಗೆ 2 ಗ್ರಾಂ ಯುರೇನಿಯಂ ಇರುವ ನೂರು ಟನ್ ಕಲ್ಲಿದ್ದಲು ಉರಿಸಿದೆವು ಎಂದಿಟ್ಟುಕೊಳ್ಳಿ. ಅದು ರಾಯಚೂರಿನ ಶಕ್ತಿನಗರಕ್ಕೆ ಬರುವಂಥ ದೇಶೀ ಕಲ್ಲಿದ್ದಲಾದರೆ ನೂರಕ್ಕೆ ಸುಮಾರು 40 ಟನ್ ಬೂದಿ ಉಳಿಯುತ್ತದೆ. 200 ಗ್ರಾಂ ಯುರೇನಿಯಂ 40 ಟನ್ನಿಗೆ ಹಂಚಿದರೆ ಟನ್ನಿಗೆ 5 ಗ್ರಾಂ. ಅದೇ ಹತ್ತು ಟನ್ ಮಾತ್ರ ಬೂದಿ ಉಳಿಸುವ ಒಳ್ಳೆಯ ಕಲ್ಲಿದ್ದಲಾದರೆ ಟನ್ನಿಗೆ 20 ಗ್ರಾಂ. ಬೈಸಿಕೊಳ್ಳುವ ನಮ್ಮ ಕಳಪೆ ಕಲ್ಲಿದ್ದಲು ಈ ಒಂದು ವಿಷಯದಲ್ಲಿ ಪುಣ್ಯವಂತ: ಅದರ ಕಲ್ಲುಮಣ್ಣೇ ವಿಕಿರಣವನ್ನು ತೆಳುವಾಗಿಸುತ್ತದೆ. ಟನ್ನಿಗೆ ನಾಲ್ಕೈದು ಗ್ರಾಂ ಯುರೇನಿಯಂ ಗ್ರಾನೈಟ್ ಬಂಡೆಯಲ್ಲೂ ಸಾಮಾನ್ಯ. ಗ್ರಾನೈಟ್ ಚಪ್ಪಡಿಯ ಮೇಲೆ ಅಡುಗೆ ಮಾಡುವವರು ಹಾರುಬೂದಿ ಇಟ್ಟಿಗೆಯ ವಿಕಿರಣಕ್ಕೆ ಬೆದರಬೇಕಾದ ಕಾರಣ ನನಗೆ ಕಾಣುವುದಿಲ್ಲ. ಬೂದಿ ಹೊಂಡದ ಸುತ್ತಲ ಊರಿನವರ ದೂರುಗಳು ಸುಳ್ಳೆಂದು ಇದರ ಅರ್ಥವಲ್ಲ. ಬೇಸಿಗೆಯ ಗಾಳಿಗೆ ಎದ್ದು ಶ್ವಾಸಕೋಶ ಸೇರುವ ಸಿಲಿಕಾ ಧೂಳು, ಹೊಂಡದಿಂದ ಜಿನುಗಿ ಬಾವಿ ಸೇರಬಲ್ಲ ಆರ್ಸೆನಿಕ್ ಮೊದಲಾದವು ನಿಜವಾದ ತೊಂದರೆಗಳು. ವಿಕಿರಣದ ಹೆಸರಿನಲ್ಲಿ ಕೂಗೆಬ್ಬಿಸಿದರೆ ಈ ತೊಂದರೆಗಳೇ ಹಿಂದಕ್ಕೆ ಸರಿಯುತ್ತವೆ.

ಅಣುಸ್ಥಾವರದ ತ್ಯಾಜ್ಯಕ್ಕಿಂತ ಕಲ್ಲಿದ್ದಲ ಬೂದಿಯೇ ಹೆಚ್ಚು ವಿಕಿರಣ ಸೂಸುತ್ತದೆ ಎಂಬ ಮಾತನ್ನು ಓದುಗರು ಎಲ್ಲಾದರೂ ಕೇಳಿಯೇ ಇರುತ್ತೀರಿ. ಅದರ ಬೇರು 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳ ಒಂದು ಪ್ರಬಂಧದಲ್ಲಿದೆ. ಅವರು ಹೋಲಿಸಿದ್ದು ಎರಡು ಬಗೆಯ ಸ್ಥಾವರಗಳು ದಿನನಿತ್ಯದ ಓಟದಲ್ಲಿ ಗಾಳಿಗೆ ಬಿಡುವ ವಿಕಿರಣ ವಸ್ತುವನ್ನು. ಬೂದಿಯ ನೂರರಲ್ಲೊಂದು ಪಾಲು ಚಿಮಣಿಯಿಂದ ಪಾರಾಗುತ್ತದೆ ಎಂದು ಹಿಡಿದರೆ, ಸುತ್ತಲಿನ ಜನರಿಗೆ ತಗಲುವ ವಿಕಿರಣ ಅಣುಸ್ಥಾವರದ್ದಕ್ಕೆ ಸರಿಸಮ ಅಥವಾ ಕೊಂಚ ಹೆಚ್ಚು ಎಂದು ಅವರಿಗೆ ಕಂಡಿತು. ಎರಡೂ ಕಡೆ ಅದು ಅತ್ಯಲ್ಪವೇ. ಉರಿದುಳಿದ ಅಣು ಇಂಧನದ ಪ್ರಸ್ತಾಪ ಆ ಹೋಲಿಕೆಯಲ್ಲಿ ಇರಲೇ ಇಲ್ಲ. ಗ್ರಾಮಿಗೆ ಗ್ರಾಂ ತೂಗಿದರೆ ಆ ಇಂಧನದ ಮುಂದೆ ಬೂದಿ ಯಾವ ಲೆಕ್ಕಕ್ಕೂ ಇಲ್ಲ. ಮುಂದೆ 2007ರಲ್ಲಿ ಒಂದು ಹೆಸರಾಂತ ವಿಜ್ಞಾನ ಪತ್ರಿಕೆಯ ತಲೆಬರಹ ಈ ವ್ಯತ್ಯಾಸವನ್ನು ನುಂಗಿಹಾಕಿತು, ಆಮೇಲೆ ಸೇರಿಸಿದ ಸ್ಪಷ್ಟೀಕರಣವನ್ನು ಓದಿದವರು ಕಡಿಮೆ. ಕಲ್ಲಿದ್ದಲ ಸ್ಥಾವರದಲ್ಲಿ ನಿಜವಾಗಿಯೂ ಗಮನಿಸಬೇಕಾದ ಜಾಗ ಬೇರೆ ಇದೆ. ಬಾಯ್ಲರಿನ ಬಿಸಿಗೆ ಆವಿಯಾದ ಪೊಲೋನಿಯಂ ಮತ್ತು ಸೀಸ ಹೊಗೆ ತಣ್ಣಗಾಗುತ್ತ ಹೋದಂತೆ ಅತಿ ಸಣ್ಣ ಕಣಗಳ ಮೇಲೆ ಮತ್ತೆ ಕೂರುತ್ತವೆ. ತಳದ ಬೂದಿಯಲ್ಲಿ ಅವು ಕಡಿಮೆ, ಕೊನೆಯ ಫಿಲ್ಟರಿನ ನುಣುಪು ಬೂದಿಯಲ್ಲಿ ಹೆಚ್ಚು. ಸಹಜ ವಿಕಿರಣ ವಸ್ತುವಿನ ವಿಚಾರದಲ್ಲಿ ನಿಗಾ ಬೇಕಾದ ಉದ್ಯಮಗಳ ಪಟ್ಟಿಯನ್ನು ಐರೋಪ್ಯ ಒಕ್ಕೂಟ 2013ರ ತನ್ನ ನಿರ್ದೇಶನದಲ್ಲಿ ಕೊಟ್ಟಿದೆ. ಅಲ್ಲಿ ಕಲ್ಲಿದ್ದಲ ಸ್ಥಾವರದ ಹೆಸರಿನ ಪಕ್ಕದಲ್ಲೇ ‘ಬಾಯ್ಲರುಗಳ ನಿರ್ವಹಣೆ’ ಎಂದಿದೆ. ಪಟ್ಟಿ ಮಾಡಿದವರಿಗೆ ಜಾಗ ಗೊತ್ತಿತ್ತು.

ಹಾರುಬೂದಿಯಲ್ಲಿ ವಂಶ ಬಹುಪಾಲು ಒಟ್ಟಿಗೇ ಉಳಿಯುತ್ತದೆ. ಮನೆ ಒಡೆಯುವುದು ಹೇಗೆಂದು ನೋಡಬೇಕಾದರೆ ಗೊಬ್ಬರ ಕಾರ್ಖಾನೆಗೆ ಹೋಗಬೇಕು. ರಂಜಕದ ಗೊಬ್ಬರಕ್ಕೆ ಮೂಲವಾದ ಶಿಲಾರಂಜಕ ಹೆಚ್ಚಾಗಿ ಪುರಾತನ ಸಮುದ್ರ ತಳದಲ್ಲಿ ಶೇಖರವಾದ ಕಲ್ಲು. ಅದರ ಹರಳಿನಲ್ಲಿ ಕ್ಯಾಲ್ಸಿಯಂ ಕೂರಬೇಕಾದ ಕೆಲವು ಜಾಗಗಳಲ್ಲಿ ಸಮುದ್ರದ ನೀರಿನ ಯುರೇನಿಯಂ ಕೂತುಬಿಟ್ಟಿದೆ. ಹೀಗಾಗಿ ಟನ್ನಿಗೆ 50ರಿಂದ 200 ಗ್ರಾಂ ಯುರೇನಿಯಂ ಸಿಗುವುದು ಅಪರೂಪವಲ್ಲ. ಕಲ್ಲನ್ನು ಪುಡಿಮಾಡಿ ಗಂಧಕಾಮ್ಲ ಸುರಿದರೆ ಒಂದು ಕಡೆ ಫಾಸ್ಫಾರಿಕ್ ಆಮ್ಲ, ಇನ್ನೊಂದು ಕಡೆ ಜಿಪ್ಸಂ ಬರುತ್ತದೆ. ಯುರೇನಿಯಂ ಬಹುಪಾಲು ಆಮ್ಲದ ಜೊತೆ ಹೊರಡುತ್ತದೆ. ಕ್ಯಾಲ್ಸಿಯಮ್ಮಿನ ನೆಂಟನಾದ ರೇಡಿಯಂ ಸಲ್ಫೇಟಾಗಿ, ಸುಮಾರು ನೂರಕ್ಕೆ 80 ಪಾಲು, ಜಿಪ್ಸಂ ಜೊತೆ ತಳಕ್ಕೆ ಕೂರುತ್ತದೆ. ಯೋಆಖಿಮ್ಸ್‌ತಾಲ್‌ನಲ್ಲಿ ನಡೆದ ಪಾಲುಪಟ್ಟಿಯೇ ಇಲ್ಲಿ ಲಕ್ಷಾಂತರ ಟನ್ನಿನ ಮಟ್ಟದಲ್ಲಿ ನಡೆಯುತ್ತದೆ. ಆಮ್ಲದಲ್ಲಿರುವ ಒಂದು ಟನ್ ರಂಜಕದ ಪೆಂಟಾಕ್ಸೈಡಿಗೆ ಸುಮಾರು 5 ಟನ್ ಜಿಪ್ಸಂ ಬೀಳುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ಬಿದ್ದದ್ದು ನೂರು ಕೋಟಿ ಟನ್ನಿನಷ್ಟಿದೆ. ಆ ಸಮತಟ್ಟು ನಾಡಿನಲ್ಲಿ ಬೆಟ್ಟವೆಂದು ಕರೆಯಬಹುದಾದದ್ದು ಇದೊಂದೇ ಏನೋ. ಸ್ಪೇನಿನ ವೆಲ್ವಾ ನಗರದ ಅಂಚಿನಲ್ಲಿ, ಟಿಂಟೊ ನದಿಯ ಅಳಿವೆಯ ಜೌಗಿನ ಮೇಲೆ, 1960ರ ದಶಕದ ಕೊನೆಯಿಂದ 2010ರವರೆಗೆ ಸುರಿದದ್ದು ಸುಮಾರು 10 ಕೋಟಿ ಟನ್.

ಈ ಗುಡ್ಡವನ್ನೇನು ಮಾಡಬೇಕು ಎಂಬ ಪ್ರಶ್ನೆಗೆ ಅಮೆರಿಕ ಮೂವತ್ತು ವರ್ಷಗಳಿಗೂ ಮೀರಿ ತಡಕಾಡುತ್ತಿದೆ. ಜಿಪ್ಸಂ ಅನ್ನು ರಾಶಿ ಹಾಕಿಯೇ ಇಡಬೇಕೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1989ರಲ್ಲಿ ನಿಯಮ ಮಾಡಿತು. ಕಿಲೋಗೆ 370 ಬೆಕೆರೆಲ್ ಮೀರದಿದ್ದರೆ ಹೊಲಕ್ಕೆ ಹಾಕಬಹುದೆಂದು 1992ರಲ್ಲಿ ಸಡಿಲಿಸಿತು. ಮಧ್ಯ ಫ್ಲಾರಿಡಾದ ಜಿಪ್ಸಂ ಸುಮಾರು 1000 ಬೆಕೆರೆಲ್ ಇರುವುದರಿಂದ ಈ ಸಡಿಲಿಕೆಯಿಂದ ಅದಕ್ಕೇನೂ ಲಾಭವಾಗಲಿಲ್ಲ. ರಸ್ತೆಯ ತಳಕ್ಕೆ ಹಾಕಲು 2020ರಲ್ಲಿ ಕೊಟ್ಟ ಅನುಮತಿ 2021ರಲ್ಲಿ ರದ್ದಾಯಿತು, 2024ರ ಡಿಸೆಂಬರಿನಲ್ಲಿ ಒಂದು ಸಣ್ಣ ಪ್ರಾಯೋಗಿಕ ರಸ್ತೆಗೆ ಮತ್ತೆ ಅನುಮತಿ ಸಿಕ್ಕಿತು. ಈ ನಡುವೆ 2021ರ ವಸಂತದಲ್ಲಿ ಪೈನಿ ಪಾಯಿಂಟ್ ಎಂಬಲ್ಲಿ ಗುಡ್ಡದ ಮೇಲಿನ ಕೊಳ ಸೋರತೊಡಗಿ, ಒಡೆದೇ ಹೋಗದಿರಲೆಂದು 80 ಕೋಟಿ ಲೀಟರಿಗೂ ಹೆಚ್ಚು ನೀರನ್ನು ಟ್ಯಾಂಪಾ ಕೊಲ್ಲಿಯ ಕಡೆ ಹರಿಯಬಿಟ್ಟರು. ಸುದ್ದಿಯಲ್ಲಿ ‘ವಿಕಿರಣಯುಕ್ತ ನೀರು’ ಎಂಬ ಮಾತು ದೊಡ್ಡದಾಗಿ ಬಂತು. ಕೊಲ್ಲಿಯ ವಿಜ್ಞಾನಿಗಳು ಹೆಚ್ಚು ಚಿಂತಿಸಿದ್ದು ಆ ನೀರಿನ ಸಾರಜನಕದ ಬಗ್ಗೆ, ಅದನ್ನುಂಡು ಸೊಕ್ಕುವ ಪಾಚಿಯ ಬಗ್ಗೆ. ಭಾರತದಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಇನ್ನೂ ಸರಳವಾದ ಗೆರೆ ಎಳೆದಿದೆ: ರೇಡಿಯಂ ಗ್ರಾಮಿಗೆ 1 ಬೆಕೆರೆಲ್ ಮೀರದ ಜಿಪ್ಸಂ ಅನ್ನು ಕಟ್ಟಡ ಸಾಮಗ್ರಿಗೆ ಮಾರಬಹುದು. ಕರ್ನಾಟಕದಲ್ಲಿ ಇಂಥ ಗುಡ್ಡ ಕಾಣದಿರುವುದಕ್ಕೆ ನಮ್ಮ ಜಾಣ್ಮೆ ಕಾರಣವಲ್ಲ. ಪಣಂಬೂರಿನಲ್ಲಿ ಡಿಎಪಿ ತಯಾರಾಗುವುದು ಹಡಗಿನಲ್ಲಿ ಬರುವ ಫಾಸ್ಫಾರಿಕ್ ಆಮ್ಲದಿಂದ. ಜಿಪ್ಸಂ ಆಮ್ಲ ತಯಾರಿಸಿದ ದೇಶದಲ್ಲೇ ಉಳಿಯುತ್ತದೆ. ದೇಶಕ್ಕೆ ಬರುವ ಆಮ್ಲದಲ್ಲಿ ದೊಡ್ಡ ಪಾಲು ಮೊರಾಕೊ, ಜೋರ್ಡಾನ್‌ಗಳದ್ದು. ಒಡಿಶಾದ ಪಾರಾದೀಪದಲ್ಲಿ ಕಲ್ಲನ್ನೇ ತರಿಸಿ ಆಮ್ಲ ತೆಗೆಯುವುದರಿಂದ ಗುಡ್ಡ ಅಲ್ಲಿದೆ. ನಮ್ಮ ಅಡಿಕೆ ತೋಟಕ್ಕೂ ಭತ್ತದ ಗದ್ದೆಗೂ ಬೀಳುವ ಗೊಬ್ಬರದ ರೇಡಿಯಂ ಪಾಲನ್ನು ಬೇರೆಯವರ ಕರಾವಳಿ ಇಟ್ಟುಕೊಂಡಿದೆ.

ಇಷ್ಟಾದರೂ ಜಿಪ್ಸಂ ಗುಡ್ಡ ಗ್ರಾಮಿಗೆ ಒಂದು ಬೆಕೆರೆಲ್ ಆಸುಪಾಸಿನ ಸರಕು. ತೈಲ ಬಾವಿಯ ಕೊಳವೆಗೆ ಬಂದರೆ ಲೆಕ್ಕವೇ ಬೇರೆಯಾಗುತ್ತದೆ. ತೈಲದ ಜೊತೆ ನೆಲದಾಳದಲ್ಲಿ ಕೋಟ್ಯಂತರ ವರ್ಷ ಕೊಳೆತ ಉಪ್ಪುನೀರೂ ಇರುತ್ತದೆ. ಸುತ್ತಲ ಕಲ್ಲಿನ ಯುರೇನಿಯಂ, ಥೋರಿಯಂ ಆ ನೀರಿನಲ್ಲಿ ಕರಗುವುದಿಲ್ಲ, ರೇಡಿಯಂ ಕರಗುತ್ತದೆ; ಜೊತೆಗೆ ಬೇರಿಯಂ ಕೂಡ. ಆ ನೀರು ಎಷ್ಟು ರೇಡಿಯಂ ಹೊತ್ತು ತರಬಲ್ಲದೆಂದರೆ, ಸೋವಿಯತ್ ಒಕ್ಕೂಟ 1930ರ ದಶಕದಿಂದ 1956ರವರೆಗೆ ಕೋಮಿ ಪ್ರಾಂತ್ಯದ ಉಖ್ತಾ ಬಳಿ ಇಂಥ ಬಾವಿನೀರಿನಿಂದಲೇ ರೇಡಿಯಂ ತೆಗೆಯುವ ಕಾರ್ಖಾನೆ ನಡೆಸಿತು, ದುಡಿಮೆಗೆ ಗುಲಾಗ್ ಶಿಬಿರದ ಕೈದಿಗಳನ್ನು ಹಚ್ಚಿತ್ತು. ಸಮುದ್ರದಲ್ಲಿ ತೈಲ ಎತ್ತುವವರು ಒತ್ತಡ ಕಡಿಮೆಯಾಗದಿರಲೆಂದು ಸಮುದ್ರದ ನೀರನ್ನೇ ಬಾವಿಗೆ ತುಂಬುತ್ತಾರೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಇದೆ, ಆಳದ ನೀರಿನಲ್ಲಿ ಬೇರಿಯಂ ಇದೆ. ಎರಡೂ ಸೇರಿದಲ್ಲಿ ಬೇರಿಯಂ ಸಲ್ಫೇಟ್ ಹುಟ್ಟುತ್ತದೆ. ನೀರಿನಲ್ಲಿ ಅದರಷ್ಟು ಹಟದಿಂದ ಕರಗದಿರುವ ವಸ್ತುಗಳು ಕಡಿಮೆ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವಂತೆ ಕೊಳವೆಯ ಒಳಗೋಡೆಗೆ ಇದು ಪದರ ಪದರವಾಗಿ ಕಟ್ಟುತ್ತ ಬರುತ್ತದೆ. ಬೇರಿಯಂ ಕೂರಬೇಕಾದ ಹರಳಿನ ಜಾಗಗಳಿಗೆ ರೇಡಿಯಂ ನುಸುಳುತ್ತದೆ. ಕೈಬೆರಳಷ್ಟು ದಪ್ಪಗೆ ಕಟ್ಟಿದ ಈ ಸ್ಕೇಲ್ ಕೊಳವೆಯ ಬಾಯನ್ನು ಕಿರಿದು ಮಾಡಿದಾಗ ಅದನ್ನು ಮೇಲೆತ್ತಿ, ಯಾರ್ಡಿಗೆ ಒಯ್ದು, ಕೆರೆದು ತೆಗೆಯುತ್ತಾರೆ. ಜಗತ್ತಿನ ಬೇರೆ ಬೇರೆ ಕಡೆ ಅಳೆದ ಸ್ಕೇಲಿನಲ್ಲಿ ರೇಡಿಯಂ-226 ಗ್ರಾಮಿಗೆ 0.1ರಿಂದ 15,000 ಬೆಕೆರೆಲ್ ತನಕ ಕಂಡಿದೆ ಎನ್ನುತ್ತದೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ. ಸಾಮಾನ್ಯ ಮಣ್ಣಿನಲ್ಲಿ ಅದು ಗ್ರಾಮಿಗೆ 0.03. ಮೇಲಿನ ತುದಿ ಮಣ್ಣಿನ ಐದು ಲಕ್ಷ ಪಟ್ಟು.

ತೈಲದಲ್ಲಿ ವಿಕಿರಣ ಅನಿಲ ಇದೆಯೆಂಬುದು 1904ರಷ್ಟು ಹಿಂದೆಯೇ ಗೊತ್ತಿತ್ತು. ಆದರೂ ಅಮೆರಿಕದ ತೈಲ ಉದ್ಯಮ ಇದನ್ನು ಕಾನೂನಿನ ಪ್ರಶ್ನೆಯಾಗಿ ಎದುರಿಸಿದ್ದು 1986ರಲ್ಲಿ ಮಿಸಿಸಿಪ್ಪಿಯ ಒಂದು ಬಾವಿಯ ಕೊಳವೆಗಳಲ್ಲಿ ರೇಡಿಯಂ ಪತ್ತೆಯಾದ ಮೇಲೆ. ಆ ಹೊತ್ತಿಗೆ ಕೊಳವೆ ಕೆರೆಯುವ ಯಾರ್ಡುಗಳಲ್ಲಿ ದಶಕಗಳ ಧೂಳು ನೆಲ ಸೇರಿಯಾಗಿತ್ತು. ಲೂಯಿಸಿಯಾನಾ ರಾಜ್ಯ 1989ರಲ್ಲಿ ಮೊದಲ ನಿಯಮಗಳನ್ನು ತಂದಿತು. ಅದೇ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ 2001ರಲ್ಲಿ, ಕೊಳವೆ ಸ್ವಚ್ಛ ಮಾಡಲು ಗುತ್ತಿಗೆಗೆ ಕೊಟ್ಟಿದ್ದ ತಮ್ಮ ಜಮೀನು ಕೆಟ್ಟಿತೆಂದು ಮಾಲೀಕರು ಹೂಡಿದ ದಾವೆಯಲ್ಲಿ ಜ್ಯೂರಿ ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರ ಘೋಷಿಸಿತು. ಮೇಲಿನ ನ್ಯಾಯಾಲಯಗಳಲ್ಲಿ ಅದರ ಬಹುಪಾಲು ಕಡಿತವಾಯಿತು. ಈ ಸ್ಕೇಲಿನ ಅಪಾಯವನ್ನೂ ಅದರ ಜಾಗದಲ್ಲಿಟ್ಟೇ ನೋಡಬೇಕು. ಹೊಟ್ಟೆಯ ಎಕ್ಸ್‌ರೇಗೆ ಮೊದಲು ಕುಡಿಸುವುದು ಇದೇ ಬೇರಿಯಂ ಸಲ್ಫೇಟನ್ನು. ಅದು ಕರುಳಿನಲ್ಲಿ ಕರಗದೆ ಹಾಗೆಯೇ ಹೊರಬೀಳುತ್ತದೆ, ಅದರ ಹರಳಿನಲ್ಲಿ ಸಿಕ್ಕಿಬಿದ್ದ ರೇಡಿಯಮ್ಮಿನದೂ ಹೆಚ್ಚುಕಡಿಮೆ ಅದೇ ಗತಿ. ಮಳೆಗೂ ಅದು ಸುಲಭವಾಗಿ ಕರಗಿ ಬಾವಿ ಸೇರುವುದಿಲ್ಲ. ಅಪಾಯವಿರುವುದು ಒಣಗಿದ ಸ್ಕೇಲನ್ನು ಯಂತ್ರದಿಂದ ಕೆರೆಯುವಾಗ ಏಳುವ ಧೂಳನ್ನು ಉಸಿರಾಡುವವನಿಗೆ, ಸ್ಕೇಲ್ ತುಂಬಿದ ಕೊಳವೆಗಳ ರಾಶಿಯ ಪಕ್ಕದಲ್ಲೇ ದಿನವಿಡೀ ನಿಲ್ಲುವವನಿಗೆ, ಆ ಕೊಳವೆಯನ್ನು ಗುಜರಿಯಿಂದ ಕೊಂಡು ಗ್ಯಾಸ್ ಕಟ್ಟರಿನಿಂದ ಕತ್ತರಿಸಿ ಬೇಲಿಗೆ ನೆಡುವವನಿಗೆ. ನೀರು ಹಾಯಿಸಿ ಕೆರೆದರೆ, ಮುಖಕ್ಕೆ ಸರಿಯಾದ ಮಾಸ್ಕ್ ಇದ್ದರೆ, ಗುಜರಿಗೆ ಕೊಡುವ ಮುನ್ನ ಮೀಟರ್ ಹಿಡಿದರೆ ಇದರಲ್ಲಿ ಹೆಚ್ಚಿನದು ತಪ್ಪುತ್ತದೆ. ಇವು ಯಾವುವೂ ದುಬಾರಿ ತಂತ್ರಜ್ಞಾನವಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಇದೆಲ್ಲ ಪ್ರಕೃತಿಯಲ್ಲೇ ಇರುವ ವಸ್ತು, ಮನುಷ್ಯ ಸೃಷ್ಟಿಸಿದ್ದಲ್ಲ. ಇದಕ್ಕಿಂತ ಹೆಚ್ಚು ವಿಕಿರಣದ ನಡುವೆ ಜನ ತಲೆತಲಾಂತರದಿಂದ ಬದುಕಿಲ್ಲವೇ? ಬದುಕಿದ್ದಾರೆ, ನಮ್ಮ ಪಶ್ಚಿಮ ಕರಾವಳಿಯಲ್ಲೇ. ಮಂಗಳೂರಿನ ಹತ್ತಿರದ ಉಳ್ಳಾಲದ ಮರಳಿನಲ್ಲಿ ಥೋರಿಯಂ ತುಂಬಿದ ಮೊನಜೈಟ್ ಇರುವುದನ್ನು ಮಂಗಳೂರು ವಿಶ್ವವಿದ್ಯಾಲಯದವರು ಅಳೆದಿದ್ದಾರೆ. ಕೇರಳದ ಚವರ, ಕರುನಾಗಪ್ಪಳ್ಳಿ ತೀರದಲ್ಲಿ ಅದು ಇನ್ನೂ ದಟ್ಟ. ಕಾರ್ಖಾನೆಯ ಹಂಗಿಲ್ಲದೆ ಅಲೆಗಳೇ ಹಗುರ ಮರಳನ್ನು ಎಳೆದೊಯ್ದು ಭಾರದ ಕಣಗಳನ್ನು ದಂಡೆಗೆ ಗುಡ್ಡೆ ಹಾಕಿವೆ. ಕರುನಾಗಪ್ಪಳ್ಳಿಯ 69,958 ನಿವಾಸಿಗಳನ್ನು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಕಂಡ 1,379 ಕ್ಯಾನ್ಸರ್ ಪ್ರಕರಣಗಳನ್ನು ವಿಂಗಡಿಸಿ ನೋಡಿದರೆ, ಹೆಚ್ಚು ವಿಕಿರಣ ಬೀಳುವ ಮನೆಗಳವರಿಗೆ ಹೆಚ್ಚು ಕ್ಯಾನ್ಸರ್ ಎಂಬ ಸಂಬಂಧ ಕಾಣಲಿಲ್ಲ. ಇದು ಎಚ್ಚರದಿಂದ ಮಾಡಿದ ಅಧ್ಯಯನ, ವಿಕಿರಣ ಎಂದ ಕೂಡಲೇ ಕ್ಯಾನ್ಸರ್ ಎನ್ನುವವರು ಇದನ್ನು ಓದಲೇಬೇಕು.

ಆದರೆ ಆ ಅಧ್ಯಯನ ಅಳೆದದ್ದು ಮರಳಿನಿಂದ ಹೊರಸೂಸಿ ಮೈಮೇಲೆ ಬೀಳುವ ಗಾಮಾ ಕಿರಣವನ್ನು. ಮೊನಜೈಟ್ ಹರಳು ಅಸಾಧ್ಯ ಗಟ್ಟಿ, ಯುಗಗಳ ಅಲೆಯ ಹೊಡೆತಕ್ಕೂ ಬಾಯಿ ಬಿಡದೆ ಥೋರಿಯಮ್ಮನ್ನು ಒಳಗೇ ಹಿಡಿದಿಟ್ಟಿದೆ. ಅದರಿಂದ ವಿರಳ ಭಸ್ಮ ಧಾತುಗಳನ್ನು ತೆಗೆಯುವ ಕಾರ್ಖಾನೆಯ ಮೊದಲ ಕೆಲಸವೇ ಕುದಿಯುವ ಕ್ಷಾರದಲ್ಲೋ ಆಮ್ಲದಲ್ಲೋ ಆ ಹರಳನ್ನು ಒಡೆಯುವುದು. ಅಲ್ಲಿಂದ ಮುಂದೆ ಥೋರಿಯಂ ಒಂದು ದಾರಿ, ಅದರ ವಂಶದ ರೇಡಿಯಂ-228 ಇನ್ನೊಂದು ದಾರಿ ಹಿಡಿಯುತ್ತವೆ. ದಂಡೆಯ ಮೇಲೆ ಓಡಾಡಿದವರ ಆರೋಗ್ಯದ ಅಂಕಿಅಂಶದಿಂದ ಆ ಕಾರ್ಖಾನೆಯ ತಳದ ಗಸಿಗೆ ಯೋಗ್ಯತಾಪತ್ರ ಬರೆಯಲಾಗದು. ಮಲೇಷ್ಯಾದ ಇಪೋ ನಗರದ ಬಳಿಯ ಬುಕಿಟ್ ಮೇರಾದಲ್ಲಿ ತವರದ ಗಣಿಯ ಉಳಿಕೆ ಮರಳಿನ ಮೊನಜೈಟಿನಿಂದ ಧಾತು ತೆಗೆಯುವ ಕಾರ್ಖಾನೆ 1982ರಲ್ಲಿ ಶುರುವಾಯಿತು. ಥೋರಿಯಂ ಉಳಿಕೆಯನ್ನು ಎಲ್ಲಿಡಬೇಕೆಂಬುದರ ಮೇಲೆಯೇ ಜಗಳ ಎದ್ದಿತು. ಊರವರು ಕೋರ್ಟಿಗೆ ಹೋದರು, 1992ರಲ್ಲಿ ಹೈಕೋರ್ಟ್ ಮುಚ್ಚಲು ಹೇಳಿತು, ಮರುವರ್ಷ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು, 1994ರಲ್ಲಿ ಕಂಪನಿಯೇ ಬಾಗಿಲೆಳೆದುಕೊಂಡಿತು. ಕೇರಳದ ಆಲುವಾದಲ್ಲಿ 1952ರಿಂದ ನಡೆದದ್ದೂ ಇದೇ ರಸಾಯನ ಕ್ರಿಯೆ. ಭಾರತ ಸರ್ಕಾರ ಥೋರಿಯಮ್ಮನ್ನು ಮುಂದಿನ ಕಾಲದ ಇಂಧನವೆಂದು ಎಣಿಸಿದ್ದರಿಂದ ಅದನ್ನು ಕಣಜಗಳಲ್ಲಿ ಲೆಕ್ಕವಿಟ್ಟು ಕಾಪಾಡಿತು. ಒಂದೇ ವಸ್ತು, ಒಂದು ಕಡೆ ನಿಧಿ, ಇನ್ನೊಂದು ಕಡೆ ಕಸ. ಅದು ಸಹಜವೋ ಕೃತಕವೋ ಎಂಬುದು ಎರಡೂ ಕಡೆ ಯಾರ ಶ್ವಾಸಕೋಶಕ್ಕೂ ಸಂಬಂಧಿಸಿದ್ದಲ್ಲ.

ಇನ್ನೊಂದು ಆಕ್ಷೇಪ ಉದ್ಯಮದವರದು, ಅದರಲ್ಲೂ ಹುರುಳಿದೆ. ಗ್ರಾಮಿಗೆ ಒಂದು ಬೆಕೆರೆಲ್ ಎಂಬ ಮಿತಿಯನ್ನು ಹಿಡಿದು ಗೊಬ್ಬರ, ಅಲ್ಯೂಮಿನಿಯಂ, ಟೈಲ್ಸ್, ತೈಲ ಎಲ್ಲದಕ್ಕೂ ಅಣುಸ್ಥಾವರದ ಕಾಯಿದೆ ಹಚ್ಚಿದರೆ ನಾಡಿನ ಅರ್ಧ ಕೈಗಾರಿಕೆ ನಿಲ್ಲುತ್ತದೆ. ಜೊತೆಗೆ, ಅಳೆದಲ್ಲೆಲ್ಲ ಇಂಥ ಹೆಚ್ಚಿನ ಉದ್ಯಮಗಳ ಕೆಲಸಗಾರರ ಸರಾಸರಿ ವಿಕಿರಣ ವರ್ಷಕ್ಕೆ ಒಂದು ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಮಾನ) ಆಸುಪಾಸು ಅಥವಾ ಅದಕ್ಕೂ ಕಡಿಮೆ. ಎಲ್ಲರಿಗೂ ನಿಸರ್ಗದಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತಿರುವಾಗ ಇದಕ್ಕೇಕೆ ಇಷ್ಟು ಗದ್ದಲ? ಸರಾಸರಿ ಎಂಬುದು ಇಡೀ ಕಾರ್ಖಾನೆಯ ಹಾಜರಿ ಪುಸ್ತಕವನ್ನು ಭಾಗಿಸಿ ಬಂದ ಸಂಖ್ಯೆ, ವರ್ಷಕ್ಕೊಮ್ಮೆ ಟ್ಯಾಂಕಿನೊಳಗೆ ಇಳಿದು ಗಸಿ ಬಾಚುವ ಗುತ್ತಿಗೆ ಕೂಲಿಯವನ ಹೆಸರು ಆ ಪುಸ್ತಕದಲ್ಲಿ ಇರುವುದೇ ಅನುಮಾನ. ನಾನು ಹೇಳುತ್ತಿರುವ ಹಾದಿಯಲ್ಲಿ ಉದ್ಯಮಕ್ಕೆ ಹೊರೆ ಕಡಿಮೆಯಾಗುತ್ತದೆ. ಇಡೀ ಕಾರ್ಖಾನೆಗೆ ಬೇಲಿ ಹಾಕಬೇಕಿಲ್ಲ. ಹರಿವಿನ ನಕ್ಷೆ ಹಿಡಿದು ಸಲ್ಫೇಟ್ ತಳಕ್ಕೆ ಕೂರುವುದೆಲ್ಲಿ, ಹೊಗೆ ತಣಿಯುವುದೆಲ್ಲಿ, ಸೋಸುವ ಬಟ್ಟೆ ಬದಲಿಸುವುದೆಲ್ಲಿ ಎಂದು ಗುರುತಿಸಿ ಆ ನಾಲ್ಕಾರು ಜಾಗಗಳನ್ನು ಅಳೆದರೆ ಸಾಕು. ಬೇರೆ ಮಣ್ಣು ಬೆರೆಸಿ ಮಿತಿಯೊಳಗೆ ತಂದುಬಿಟ್ಟರಾಯಿತು ಎನ್ನುವ ಉಪಾಯವನ್ನು ಮಾತ್ರ ಒಪ್ಪಲಾಗದು. ಐರೋಪ್ಯ ನಿರ್ದೇಶನವೂ ಮಿತಿ ತಪ್ಪಿಸಿಕೊಳ್ಳಲೆಂದೇ ಬೆರೆಸುವುದನ್ನು ನಿಷೇಧಿಸಿದೆ. ಜಿಪ್ಸಂ ಅನ್ನು ಕಟ್ಟಡದ ಉಪಯೋಗಕ್ಕಾಗಿ ಬೇರೆ ಸಾಮಗ್ರಿಯೊಡನೆ ಕಲೆಸುವುದು ಒಂದು ಮಾತು, ಪೈಪಿನ ಸ್ಕೇಲನ್ನು ಯಾರಿಗೂ ಕಾಣದಂತೆ ಹೊಲದ ಮಣ್ಣಿಗೆ ಕಲೆಸುವುದು ಬೇರೆಯೇ ಮಾತು.

ಆ ಐರೋಪ್ಯ ಪಟ್ಟಿಯಲ್ಲಿ ಅಂತರ್ಜಲ ಸೋಸುವ ಘಟಕಗಳೂ ಇವೆ. ಕರ್ನಾಟಕಕ್ಕೆ ಈ ವಿಷಯ ನೇರವಾಗಿ ತಟ್ಟುವುದು ಇಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಗ್ರಾನೈಟ್ ನೆಲದಲ್ಲಿ ಕೊಳವೆಬಾವಿಗಳು ಆಳವಾದಷ್ಟೂ ನೀರಿನಲ್ಲಿ ಯುರೇನಿಯಂ ಕಾಣಿಸುತ್ತಿದೆ. ಕುಡಿಯುವ ನೀರಿಗೆ ಹಾಕಿದ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ಮೀರಿದ ಬಾವಿಗಳು ಹಲವು. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಪೊರೆ ಯುರೇನಿಯಮ್ಮನ್ನು ಚೆನ್ನಾಗಿಯೇ ತಡೆಯುತ್ತದೆ, ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವವರಿಗೆ ಅದು ದೊಡ್ಡ ಉಪಕಾರ. ತಡೆದದ್ದು ಎಲ್ಲಿಗೆ ಹೋಯಿತು? 60 ಮೈಕ್ರೋಗ್ರಾಂ ಇರುವ ನೀರಿನಲ್ಲಿ ಅರ್ಧ ಶುದ್ಧವಾಗಿ ಬಂದರೆ ಉಳಿದರ್ಧದಲ್ಲಿ ಸುಮಾರು 120 ಮೈಕ್ರೋಗ್ರಾಂ ಇರುತ್ತದೆ. ವಿಕಿರಣದ ಲೆಕ್ಕದಲ್ಲಿ ಅದು ಲೀಟರಿಗೆ ಸುಮಾರು 3 ಬೆಕೆರೆಲ್, ಗಾಬರಿಪಡುವಂಥದ್ದಲ್ಲ. ಯುರೇನಿಯಂ ಇಲ್ಲಿ ಮೂತ್ರಪಿಂಡಕ್ಕೆ ವಿಷವಾಗಿ ಹೆಚ್ಚು ಮುಖ್ಯ, 30ರ ಮಿತಿ ನಿಂತಿರುವುದೂ ಆ ಕಾರಣದ ಮೇಲೆ. ಅದೇ ರಿಜೆಕ್ಟ್ ನೀರು ಚರಂಡಿಯಿಂದ ಹೊಂಡಕ್ಕೆ, ಹೊಂಡದಿಂದ ಅದೇ ಕೊಳವೆಬಾವಿಯ ಸುತ್ತಲಿನ ನೆಲಕ್ಕೆ ಇಂಗಿದರೆ, ಅಥವಾ ದನಗಳ ತೊಟ್ಟಿಗೆ ಹೋದರೆ, ಶುದ್ಧೀಕರಣ ಅರ್ಧ ದಾರಿಯಲ್ಲೇ ನಿಂತಂತೆ. ಘಟಕದ ನಲ್ಲಿಯ ನೀರನ್ನು ಲ್ಯಾಬಿಗೆ ಕಳಿಸುವ ಪಂಚಾಯಿತಿ ಹಿಂದಿನ ಪೈಪಿನ ನೀರನ್ನೂ ಇನ್ನೊಂದು ಬಾಟಲಿಯಲ್ಲಿ ಕಳಿಸಬೇಕು, ಆ ನೀರು ಎಲ್ಲಿಗೆ ಬೀಳುತ್ತದೆಂದು ದಾಖಲೆಯಲ್ಲಿ ಬರೆದಿಡಬೇಕು.

ಮೀಟರ್ ಹಿಡಿದ ಮಾತ್ರಕ್ಕೆ ಎಲ್ಲ ತಿಳಿಯುತ್ತದೆ ಎಂದೂ ತಿಳಿಯಬಾರದು. ನೈಸರ್ಗಿಕ ಅನಿಲವನ್ನು ಬೇರ್ಪಡಿಸುವ ಘಟಕಗಳನ್ನೇ ನೋಡಿ. ಅನಿಲದ ಜೊತೆ ಬರುವ ರೇಡಾನ್ ಕುದಿಯುವುದು ಮೈನಸ್ 62 ಡಿಗ್ರಿಯಲ್ಲಿ. ಈಥೇನಿನ ಕುದಿಬಿಂದು ಮೈನಸ್ 89, ಪ್ರೊಪೇನಿನದು ಮೈನಸ್ 42. ಹೀಗೆ ಇಬ್ಬರ ನಡುವೆ ಸಿಕ್ಕ ರೇಡಾನ್ ಪ್ರೊಪೇನಿನ ಸಾಲಿನಲ್ಲಿ ಸೇರಿಕೊಳ್ಳುತ್ತದೆ. ಅಡುಗೆಮನೆಯ ಸಿಲಿಂಡರಿಗೆ ಇದರಿಂದ ಹೆದರಬೇಕಿಲ್ಲ, 3.8 ದಿನದ ಅರ್ಧಾಯುಷ್ಯದ ಅನಿಲ ಟ್ಯಾಂಕು, ಲಾರಿ, ಗೋದಾಮು ದಾಟಿ ಮನೆ ಸೇರುವಷ್ಟರಲ್ಲಿ ಬಹುಪಾಲು ಸವೆದಿರುತ್ತದೆ. ಅದು ಸವೆಯುವಾಗ ಹುಟ್ಟುವ ಸಂತತಿ ಮಾತ್ರ ಪ್ರೊಪೇನ್ ಪಂಪಿನ, ವಾಲ್ವಿನ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪವಾಗಿ ಅಂಟಿಕೊಳ್ಳುತ್ತದೆ. ಪಂಪು ಓಡುತ್ತಿರುವಾಗ ಹೊರಗಿನಿಂದ ಗಾಮಾ ಮೀಟರ್ ಹಿಡಿದರೆ ಮುಳ್ಳು ಏಳುತ್ತದೆ, ಏಕೆಂದರೆ ರೇಡಾನಿನ ಅಲ್ಪಾಯು ಮಕ್ಕಳು ಸೂಸುವ ಗಾಮಾ ಕಿರಣ ಉಕ್ಕನ್ನು ದಾಟಿ ಬರುತ್ತದೆ. ಅವುಗಳ ಅರ್ಧಾಯುಷ್ಯ ಅರ್ಧ ಗಂಟೆಯೊಳಗೆ. ರಿಪೇರಿಗೆಂದು ಪಂಪು ನಿಲ್ಲಿಸಿ, ಅನಿಲ ಹೊರಹಾಕಿ, ನಾಲ್ಕು ಗಂಟೆ ಬಿಟ್ಟು ಮೀಟರ್ ಹಿಡಿದರೆ ಮುಳ್ಳು ಸುಮ್ಮನಿರುತ್ತದೆ. ಆಗ ಒಳಗೆ ಉಳಿದಿರುವುದು 22 ವರ್ಷದ ಸೀಸ-210 ಮತ್ತು ಅದರಿಂದ ಹುಟ್ಟುತ್ತಲೇ ಇರುವ ಪೊಲೋನಿಯಂ. ಅವುಗಳ ಕಿರಣ ಉಕ್ಕನ್ನು ದಾಟುವಷ್ಟು ಬಲವಾದದ್ದಲ್ಲ. ಹೊರಗಿನ ಮೀಟರ್ ಏನೂ ಇಲ್ಲವೆನ್ನುವ ಹೊತ್ತಿಗೇ ಪಂಪು ಬಿಚ್ಚಿ, ಒಳಭಾಗವನ್ನು ಎಮರಿ ಕಾಗದದಿಂದ ಉಜ್ಜಲು ಮೆಕ್ಯಾನಿಕ್ ಕೂರುತ್ತಾನೆ. ಅವನಿಗೆ ಬೇಕಾದದ್ದು ಆಲ್ಫಾ, ಬೀಟಾ ಕಣಗಳನ್ನು ಗುರುತಿಸುವ, ಬಿಚ್ಚಿದ ಭಾಗದ ಒಳಮೈಗೆ ಹತ್ತಿರ ಹಿಡಿಯುವ ಬೇರೆ ಉಪಕರಣ. ಯಾವ ಪಂಪಿಗೆ ಅದನ್ನು ಹಿಡಿಯಬೇಕೆಂದು ತಿಳಿಯುವುದು ಅದು ಓಡುತ್ತಿದ್ದಾಗಲೇ ಗಾಮಾ ಮೀಟರಿನಲ್ಲಿ ಅಳೆದು ಮೇಲೆ ಬಣ್ಣದ ಗುರುತು ಹಾಕಿದ್ದರೆ ಮಾತ್ರ.